ಹಳೆಯ ವೆಬ್‌ಸೈಟ್‌ಗಳಲ್ಲಿ ಮೆನು ಯಾಕೆ ಬೇರೆ ಪುಟ್ಟ ವಿಂಡೋದಲ್ಲಿ ತೆರೆಯುತ್ತಿತ್ತು? ಈಗ ನನ್ನ ಸೈಟಿಗೂ ಹಾಗೆ ಮಾಡಬಹುದಾ?

ಮಾಡಬಹುದು. ನಾನೂ ಒಂದು ಮಾಡಿದ್ದೆ, 2000ದಲ್ಲಿ, ಮೈಸೂರಿನಲ್ಲಿ. ಕುಕ್ಕರಹಳ್ಳಿ ಕೆರೆಯ ಹಕ್ಕಿಗಳ ಫೋಟೋ ಸ್ಕ್ಯಾನ್ ಮಾಡಿಸಿ, ಪುಕ್ಕಟೆಯಾಗಿ ವೆಬ್‌ಪುಟ ಇಡಲು ಜಾಗ ಕೊಡುತ್ತಿದ್ದ ಜಿಯೋಸಿಟೀಸ್‌ನಲ್ಲಿ ಹಾಕಿದ್ದೆ. ಹೆಜ್ಜಾರ್ಲೆಗೆ ಒಂದು ಪುಟ, ಮಿಂಚುಳ್ಳಿಗೆ ಒಂದು, ನೀರುಕಾಗೆಗೆ ಒಂದು.

ಹಕ್ಕಿಗಳ ಹೆಸರು ಕನ್ನಡದಲ್ಲೇ ಇರಬೇಕು ಅನ್ನೋದು ನನ್ನ ಹಟ. ಆದರೆ ವಿಂಡೋಸ್ 98ರಲ್ಲಿ ಕನ್ನಡ ಇರಲಿಲ್ಲ. ಕನ್ನಡದ ತುಂಗಾ ಫಾಂಟ್ ಬಂದಿದ್ದು ಆಮೇಲಿನ ವಿಂಡೋಸ್ ಎಕ್ಸ್‌ಪಿ ಜೊತೆ. ಹಾಗಾಗಿ ಒಂದೊಂದು ಹೆಸರನ್ನೂ ಗಿಫ್ ಚಿತ್ರ ಮಾಡಿ ಮೆನುವಿಗೆ ಹಾಕಿದ್ದೆ. ಸೆಕೆಂಡಿಗೆ 33.6 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ 60 ಕಿಲೋಬೈಟಿನ ಒಂದು ಫೋಟೋ ಇಳಿಯೋಕೇ ಹೆಚ್ಚುಕಮ್ಮಿ 15 ಸೆಕೆಂಡ್ ಬೇಕು. ಅದರ ಜೊತೆ ಪ್ರತಿ ಪುಟದಲ್ಲೂ ಮೆನು ಮತ್ತೆ ಮತ್ತೆ ಮೂಡೋದನ್ನು ಯಾರು ಕಾಯ್ತಾರೆ? ಬೇರೆ ವಿಂಡೋ ಆದರೆ ಮೆನು ಒಂದೇ ಸಲ ಬಂದು ಅಲ್ಲೇ ಕೂತಿರುತ್ತಿತ್ತು. ಒಂದೇ ವಿಂಡೋವನ್ನು ಭಾಗ ಮಾಡಿ ಒಂದೊಂದರಲ್ಲೂ ಬೇರೆ ಪುಟ ತೋರಿಸುವ ಫ್ರೇಮ್‌ನಲ್ಲೂ ಇದು ಆಗುತ್ತಿತ್ತು, ನಿಜ. ಆದರೆ ಫ್ರೇಮ್ ಪರದೆಯ ಒಂದು ಪಕ್ಕವನ್ನು ಶಾಶ್ವತವಾಗಿ ತಿಂದುಬಿಡುತ್ತದೆ. ಆಗಿನ ಪರದೆ ಇದ್ದದ್ದೇ 640 ಅಥವಾ 800 ಪಿಕ್ಸೆಲ್ ಅಗಲ. ಪುಟ್ಟ ವಿಂಡೋವನ್ನಾದರೆ ಎಳೆದು ಮೂಲೆಗೆ ಇಟ್ಟುಕೊಳ್ಳಬಹುದಿತ್ತು. ಟಿವಿ ರಿಮೋಟ್ ಇದ್ದ ಹಾಗೆ. ಅದನ್ನು ‘ರಿಮೋಟ್’ ಅಂತಲೇ ಕರೆಯುತ್ತಿದ್ದರು.

ಒಳಗಿನ ಕೆಲಸ ಸುಲಭ. ಜಾವಾಸ್ಕ್ರಿಪ್ಟ್‌ನ ವಿಂಡೋ ಓಪನ್ ಆಜ್ಞೆಗೆ ಮೂರು ವಿಷಯ ಹೇಳಬೇಕು: ಮೆನು ಪುಟದ ವಿಳಾಸ, ವಿಂಡೋಗೆ ಒಂದು ಹೆಸರು, ಅಗಲ-ಎತ್ತರ. ದೊಡ್ಡ ವಿಂಡೋಗೂ ಒಂದು ಹೆಸರು ಕೊಟ್ಟು, ಮೆನುವಿನ ಲಿಂಕುಗಳಲ್ಲಿ ಅದನ್ನೇ ಟಾರ್ಗೆಟ್ (ಅಂದರೆ ಪುಟ ತೆರೆಯಬೇಕಾದ ವಿಂಡೋ) ಮಾಡಬೇಕು. ತೊಂದರೆ ಒಂದೇ. ದೊಡ್ಡ ವಿಂಡೋ ಮೇಲೆ ಕ್ಲಿಕ್ ಮಾಡಿದ ಕೂಡಲೇ ಮೆನು ಅದರ ಹಿಂದೆ ಹೋಗುತ್ತಿತ್ತು. ನಮ್ಮ ಚಿಕ್ಕಮ್ಮ ಮೊದಲ ಪುಟ ನೋಡಿ “ಇಷ್ಟೇನಾ?” ಅಂದಿದ್ದರು. ಉಳಿದ ಹಕ್ಕಿಗಳ ಪಟ್ಟಿ ಹಿಂದೆ ಅಡಗಿತ್ತು. ಆಮೇಲೆ ಮೆನುವನ್ನು ಮುಂದೆ ತರುವ ಒಂದು ಬಟನ್ನು ಎಲ್ಲ ಪುಟಕ್ಕೂ ಹಾಕಿದೆ.

ಇದನ್ನು ಕೊಂದಿದ್ದು ಜಾಹೀರಾತು. 90ರ ದಶಕದಲ್ಲಿ ಜಿಯೋಸಿಟೀಸ್‌ನಂಥದ್ದೇ ಆದ ಟ್ರೈಪಾಡ್‌ನಲ್ಲಿದ್ದ ಈಥನ್ ಝುಕರ್‌ಮನ್ ಜಾಹೀರಾತನ್ನು ಬೇರೆ ವಿಂಡೋದಲ್ಲಿ ಎಬ್ಬಿಸುವ ಕೋಡ್ ಬರೆದರು. 2014ರಲ್ಲಿ ಅದಕ್ಕೆ ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. ಆದರೆ ಅದಕ್ಕೂ ಬಹಳ ಮೊದಲೇ ಜನ ರೋಸಿಹೋಗಿದ್ದರು. 2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಂದಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಪಾಪ್‌ಅಪ್, ಅಂದರೆ ಹೀಗೆ ತಾನಾಗಿ ಏಳುವ ವಿಂಡೋಗಳನ್ನು ತಡೆಯತೊಡಗಿತು. ನನ್ನ ಮೆನು, ಪುಟ ತೆರೆದಾಗ ತಾನಾಗಿಯೇ ಏಳುತ್ತಿತ್ತು. ಬ್ರೌಸರ್‌ಗೆ ಅದೂ ಜಾಹೀರಾತೂ ಒಂದೇ ಅಲ್ವಾ? ಅದೂ ಹೋಯಿತು. ಇವತ್ತಿಗೂ ಬೇಜಾರಿದೆ.

ನೀವು ಈಗ ಮಾಡುವುದಾದರೆ, ಓದುವವರು ಬಟನ್ ಒತ್ತಿದಾಗ ಮಾತ್ರ ತೆರೆಯಿರಿ. ಆಗ ಬ್ರೌಸರ್ ಸಾಮಾನ್ಯವಾಗಿ ತಡೆಯುವುದಿಲ್ಲ. ಮೊಬೈಲ್‌ನಲ್ಲಿ ಅದು ಪುಟ್ಟ ವಿಂಡೋ ಆಗದೆ ಇನ್ನೊಂದು ಟ್ಯಾಬ್ ಆಗುತ್ತದೆ. ಅದಕ್ಕೇ ಪುಟದೊಳಗೂ ಒಂದು ಸಾದಾ ಲಿಂಕುಗಳ ಪಟ್ಟಿ ಇರಲಿ. ಟಾರ್ಗೆಟ್ ಹೆಸರನ್ನು ಎರಡು ಸಲ ನೋಡಿಕೊಳ್ಳಿ. ಅದು ಬಿಟ್ಟುಹೋದರೆ ಪುಟವೆಲ್ಲ ಆ ಪುಟ್ಟ ವಿಂಡೋದೊಳಗೇ ತೆರೆದುಕೊಳ್ಳುತ್ತದೆ.