ಧಣಿಯ ಗುಣ, ಪೋರ್ಟಿನ ಗುಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರು ಬರೆದಿದ್ದಾರೆ: "8 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೇನೆ. ಆದರೂ ಕನ್ಸೋಲಿನಲ್ಲಿ (ಟಿವಿಗೆ ಜೋಡಿಸುವ ಆಟದ ಯಂತ್ರ) ಬೆಣ್ಣೆಯಂತೆ ಓಡುವ ಆಟ ನನ್ನ ಪಿಸಿಯಲ್ಲಿ ತಡವರಿಸುತ್ತದೆ. ಆಟವನ್ನೇ ಆಡದ, ದುಡ್ಡಿನ ಮೇಲೇ ಕಣ್ಣಿಟ್ಟ ಕಂಪನಿ ಧಣಿಗಳೇ ಇದಕ್ಕೆಲ್ಲ ಕಾರಣ. ಆಟ ಆಡುವವನು ಸಿಇಒ ಆಗಲಿ, ಪೋರ್ಟ್ (ಒಂದು ಯಂತ್ರಕ್ಕೆ ಮಾಡಿದ ಆಟವನ್ನು ಇನ್ನೊಂದಕ್ಕೆ ಒಗ್ಗಿಸಿ ತರುವ ಕೆಲಸ) ತಾನಾಗಿ ಸರಿಯಾಗುತ್ತದೆ. ನೀವು ಇದನ್ನು ಯಾಕೆ ಬರೆಯುವುದಿಲ್ಲ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸುಳ್ಳಲ್ಲ. ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಸೇರಲೇಬೇಕಾದ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್ ತರಲು 2013ರಲ್ಲಿ ಹೊರಟಿದ್ದ ಮೈಕ್ರೋಸಾಫ್ಟಿನ ಆಟ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ಆ ಜೂನಿನಲ್ಲಿ, ಇಂಟರ್ನೆಟ್ ಇಲ್ಲದವರಿಗೆ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂದುಬಿಟ್ಟರು. ಆಟಿಯ ಮಳೆಗೆ ಕರೆಂಟು ಹೋದರೆ ಯಾವಾಗ ಬಂದೀತೆಂದು ಗೊತ್ತಿಲ್ಲದ ನಮ್ಮ ಕಡೆಯವರಿಗೆ ಆ ಮಾತು ಚುಚ್ಚದೆ ಇರದು. ಅದೇ ತಿಂಗಳು ಕಂಪನಿ ಆ ನಿಯಮವನ್ನು ಕೈಬಿಟ್ಟಿತು. ನಿಮ್ಮ ವಾದಕ್ಕೆ ಇಷ್ಟು ಒಪ್ಪಿದೆ. ಮುಂದಿನದನ್ನು ಒಪ್ಪಲಾರೆ, ಮಾರಾಯರೇ.

ನಿಮ್ಮ ಆಟ ಯಾಕೆ ತಡವರಿಸುತ್ತದೆ ಎಂಬುದನ್ನೇ ಮೊದಲು ನೋಡುವ. ಸೋನಿಯ ಕನ್ಸೋಲ್ ಪಿಎಸ್5ರಲ್ಲಿ 16 ಜಿಬಿ ಮೆಮೊರಿ ಒಂದೇ ಕಣಜ. ಪ್ರೊಸೆಸರೂ ಗ್ರಾಫಿಕ್ಸೂ ಅದರಿಂದಲೇ ಮೊಗೆದುಕೊಳ್ಳುತ್ತವೆ. ಪಿಸಿಯಲ್ಲಿ ಕಣಜ ಎರಡು, ನಡುವಿನ ಓಣಿ ಕಿರಿದು. ಕಾರ್ಡಿನ 8 ಜಿಬಿ ತುಂಬಿದೊಡನೆ ಟೆಕ್ಸ್‌ಚರುಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು) ಆ ಓಣಿಯಲ್ಲಿ ಹೋಗಿಬಂದು ಮಾಡತೊಡಗುತ್ತವೆ, ಚಿತ್ರ ಎಡವುತ್ತದೆ. ಮತ್ತೊಂದು ಕಾರಣ ಶೇಡರ್, ಅಂದರೆ ಬೆಳಕು ಬಣ್ಣ ಹೇಗೆ ಮೂಡಬೇಕೆಂದು ಗ್ರಾಫಿಕ್ಸ್ ಚಿಪ್ಪಿಗೆ ಹೇಳುವ ಪುಟ್ಟ ಪ್ರೋಗ್ರಾಂ. ಕನ್ಸೋಲಿನ ಚಿಪ್ ಒಂದೇ ಬಗೆಯದು, ಹಾಗಾಗಿ ಶೇಡರುಗಳನ್ನು ಮೊದಲೇ ಕಂಪೈಲ್ ಮಾಡಿ (ಚಿಪ್ಪಿನ ಭಾಷೆಗೆ ಇಳಿಸಿ) ಆಟದ ಜೊತೆಗೇ ಕಳಿಸುತ್ತಾರೆ. ಪಿಸಿಯಲ್ಲಿ ಕಾರ್ಡ್ ಯಾವುದೋ, ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಯಾವುದೋ. ಆ ಕೆಲಸ ನಿಮ್ಮ ಮನೆಯಲ್ಲೇ ಆಗಬೇಕು. ಮುಂಚಿತವಾಗಿ ಆಗಿರದಿದ್ದರೆ ಹೊಸದೊಂದು ಬೆಂಕಿಯೋ ಹೊಗೆಯೋ ಮೊದಲ ಸಲ ಕಂಡಾಗ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತದೆ. 2023ರ ಮಾರ್ಚಿನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಪಿಸಿಗೆ ಬಂದಾಗ 8 ಜಿಬಿ ಕಾರ್ಡಿನವರು ಗೋಳಾಡಿದ್ದು ಇದಕ್ಕೇ.

ಆದ್ದರಿಂದ ಟೆಕ್ಸ್‌ಚರನ್ನು ಒಂದು ಮೆಟ್ಟಿಲು ಇಳಿಸಿ. ನೆರಳು, ಪ್ರತಿಫಲನ ಆಮೇಲೆ. ಶೇಡರ್ ಕಂಪೈಲ್ ನೂರಕ್ಕೆ ನೂರು ಮುಗಿಯುವ ತನಕ ‘ಪ್ಲೇ’ ಒತ್ತಬೇಡಿ. ಡ್ರೈವರ್ ಹೊಸತು ಹಾಕಿದರೆ ಆ ಕೆಲಸ ಮೊದಲಿನಿಂದ ಆಗುತ್ತದೆ, ಗಾಬರಿಯಾಗಬೇಡಿ. ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) 45ಕ್ಕೂ 60ಕ್ಕೂ ನಡುವೆ ಜೋಕಾಲಿ ಆಡುತ್ತಿದ್ದರೆ 30ಕ್ಕೆ ಕಟ್ಟಿಹಾಕಿ. ಸಮನಾದ 30 ಕಣ್ಣಿಗೆ ಹಿತ. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮಿನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸ್ ಕೇಳಬಹುದು. ಆಟ ತೆರೆದು ಶೇಡರ್ ಕಾಯುವ ಹೊತ್ತೂ ಆ ಎರಡು ಗಂಟೆಗೆ ಸೇರುತ್ತದೆ, ಮರೆಯಬೇಡಿ.

ಈಗ ಹೇಳಿ, ಇದರಲ್ಲಿ ಯಾವುದು ಧಣಿಯ ದುರ್ಬುದ್ಧಿ? 2014ರಲ್ಲಿ ‘ಡಾರ್ಕ್ ಸೋಲ್ಸ್ 2’ ಪಿಸಿಗೆ ಬಂದಾಗ ಕತ್ತಿಗಳು ಇಮ್ಮಡಿ ಬೇಗ ಸವೆಯುತ್ತಿದ್ದವು. ಸವೆತದ ಲೆಕ್ಕವನ್ನು ಫ್ರೇಮಿಗೆ ಕಟ್ಟಿದ್ದರು. ಸೆಕೆಂಡಿಗೆ 30 ಇದ್ದದ್ದು 60 ಆಯಿತು, ಕತ್ತಿಯ ಆಯುಷ್ಯ ಅರ್ಧವಾಯಿತು. ಅದರ ಹಿಂದಿನ ಆಟದ 2012ರ ಪೋರ್ಟಿನಲ್ಲಿ ಯಾವ ಪರದೆ ಇಟ್ಟರೂ ಒಳಗಿನ ಚಿತ್ರ 1024×720ರಲ್ಲೇ ಮೂಡುತ್ತಿತ್ತು. ಡ್ಯುರಾಂಟೆ ಎಂಬ ಹೆಸರಿನ ಆಟಗಾರರೊಬ್ಬರು ಆಟ ಬಂದ ಕೆಲವೇ ಗಂಟೆಗಳಲ್ಲಿ ಆ ಬೀಗ ತೆರೆದು ಎಲ್ಲರಿಗೂ ಉಚಿತವಾಗಿ ಹಂಚಿದರು. ಬೇಕಾಗಿದ್ದದ್ದು ಬಲ್ಲವನ ಕೈ, ಅವನಿಗೆ ಒಂದಿಷ್ಟು ಸಮಯ.

ಆಟ ಆಡುವ ಸಿಇಒ ಎಂದಿರಿ. ನಿಮ್ಮ ಮನಸ್ಸಿನಲ್ಲಿರುವುದು ನಿಂಟೆಂಡೊ ಕಂಪನಿಯ ಅಧ್ಯಕ್ಷರಾಗಿದ್ದ ಸತೋರು ಇವಾಟ ಅವರೇ ಇರಬೇಕು. 2011ರಲ್ಲಿ ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರದ ಬೆಲೆ ಇಳಿಸಬೇಕಾಗಿ ಬಂದಾಗ ತಮ್ಮ ಸಂಬಳ ಅರ್ಧಕ್ಕೆ ಇಳಿಸಿಕೊಂಡ ದೊಡ್ಡ ಮನುಷ್ಯ. ಪೋರ್ಟಿನ ವಿಷಯದಲ್ಲಿ ಅವರನ್ನು ನೆನೆಯಬೇಕಾದ್ದು ಇನ್ನೊಂದಕ್ಕೆ. ಅದಕ್ಕೂ ಮೊದಲು, ಹಾಲ್ ಲ್ಯಾಬೊರೇಟರಿ ಎಂಬ ಆಟದ ಕಂಪನಿಯ ಅಧ್ಯಕ್ಷರಾಗಿದ್ದಾಗಲೇ ಅವರು ಪೋಕೆಮಾನಿನ ಗೇಮ್ ಬಾಯ್ ಕೋಡನ್ನು, ವಿವರಣೆಯ ಕಾಗದವೊಂದೂ ಇಲ್ಲದೆ, ಸಾಲುಸಾಲಾಗಿ ಓದಿ ಅದರ ಕಾಳಗದ ಭಾಗವನ್ನು ಸುಮಾರು ಒಂದು ವಾರದಲ್ಲಿ ನಿಂಟೆಂಡೊ 64 ಕನ್ಸೋಲಿಗೆ ತಂದರು. ಅಲ್ಲಿ ಕೆಲಸ ಮಾಡಿದ್ದು ಕೋಡ್ ಓದಬಲ್ಲ ಕಣ್ಣು. ಒಳ್ಳೆಯತನವೊಂದೇ ಇದ್ದಿದ್ದರೆ ಆ ಪೋರ್ಟ್ ಆಗುತ್ತಿರಲಿಲ್ಲ.

ಧಣಿಗಳಿಂದ ಕೇಳಬೇಕಾದ ಲೆಕ್ಕ ಬೇರೆಯೇ ಇದೆ. ‘ಬ್ಯಾಟ್‌ಮ್ಯಾನ್: ಆರ್ಕಮ್ ನೈಟ್’ 2015ರ ಜೂನ್ 23ಕ್ಕೆ ಪಿಸಿಗೆ ಬಂತು; ಸರಿಯಾಗಿ ಓಡದೆ ಎರಡೇ ದಿನದಲ್ಲಿ ಮಾರಾಟ ನಿಂತಿತು; ಅಂಗಡಿಗೆ ಮರಳಿದ್ದು ಅಕ್ಟೋಬರ್ 28ಕ್ಕೆ. ಆ ನಾಲ್ಕು ತಿಂಗಳನ್ನು ಮೊದಲೇ ಕೊಡಬಹುದಿತ್ತು. ಹಳೆಯ ಆಟಗಳನ್ನು ಹೊಸ ಕನ್ಸೋಲಿಗೆ ತಂದ 2012ರ ‘ಸೈಲೆಂಟ್ ಹಿಲ್ ಎಚ್‌ಡಿ ಕಲೆಕ್ಷನ್’ ಮಾಡಲು ಕುಳಿತವರ ಕೈಗೆ ಸಿಕ್ಕಿದ್ದು ಅರೆಬೆಂದ ಕೋಡ್, ಯಾಕೆಂದರೆ ಕೊನೆಯ ಪ್ರತಿಯನ್ನು ಯಾರೂ ಜೋಪಾನ ಮಾಡಿರಲಿಲ್ಲ. ಬೈಯುವುದಾದರೆ ಇದನ್ನು ಬೈಯಿರಿ.

ಪೋರ್ಟ್ ಮಾಡುವವನ ವಿದ್ಯೆ ಅನುವಾದಕನದ್ದೇ: ಏನನ್ನು ಬಿಡಬೇಕು, ಏನನ್ನು ಬಿಡಬಾರದು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸ ಬಿಟ್ಟರು, ಛಂದಸ್ಸು ಬಿಡಲಿಲ್ಲ. 2017ರಲ್ಲಿ ‘ಡೂಮ್’ ಆಟವನ್ನು ನಿಂಟೆಂಡೊದ ಪುಟ್ಟ ಕನ್ಸೋಲ್ ಸ್ವಿಚ್‌ಗೆ ಇಳಿಸಿದ ಪ್ಯಾನಿಕ್ ಬಟನ್‌ನವರು 60 ಫ್ರೇಮನ್ನು 30 ಮಾಡಿದರು, ಚಿತ್ರ ಮಸುಕಾಗಲು ಬಿಟ್ಟರು, ಕಾಳಗದ ರಭಸಕ್ಕೆ ಕೈ ಹಚ್ಚಲಿಲ್ಲ. ನಿಮ್ಮ ಪತ್ರದಲ್ಲಿ ಸಿಇಒಗಳ ಮಾತು ಅಷ್ಟೊಂದು ಇದೆ, ಇಂಥವರ ಸುದ್ದಿಯೇ ಇಲ್ಲ. ಅದು ನನಗೆ ನೋವು ಮಾಡಿತು.

ಗಡಿಯಲ್ಲಿ ಕೂತವರಿಗೆ ಈ ನೋವು ಹೊಸತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹೆಸರುಗಳು ಒಂದು ಲಿಪಿಯಿಂದ ಇನ್ನೊಂದಕ್ಕೆ ಪೋರ್ಟ್ ಆಗುತ್ತಲೇ ಇವೆ. ಕುಂಬಳೆ ಬೋರ್ಡಿನಲ್ಲಿ ಕುಂಬ್ಲ ಆಗಿದೆ. ಬಹುತೇಕ ಆಟಗಳಲ್ಲಂತೂ ಕನ್ನಡ ಅಕ್ಷರಕ್ಕೇ ಜಾಗವಿಲ್ಲ. ಯೂನಿಕೋಡಿನಲ್ಲಿ ‘ಶ್ವ’ ಎಂದರೆ ಶ, ಹಲಂತ ಚಿಹ್ನೆ (್), ವ ಎಂಬ ಮೂರು ಸಂಕೇತ. ಅವನ್ನು ಕೂಡಿಸಿ ಒತ್ತು ಕೊಡಲು ಹಾರ್ಫ್‌ಬಜ್‌ನಂಥ ಶೇಪಿಂಗ್ ತಂತ್ರಾಂಶ ಬೇಕು. ಅದು ಉಚಿತವಾಗಿಯೇ ಸಿಗುತ್ತದೆ, ಆದರೂ ಜೋಡಿಸುವವರು ಕಡಿಮೆ. ಜೋಡಿಸಿದರೂ ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೇ ಬಿಟ್ಟರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ.

ನಿಮ್ಮಲ್ಲಿರುವ ಆಟಗಳಲ್ಲಿ ಹೆಸರು ಕೇಳುವ ಕಡೆ ‘ಮಂಜೇಶ್ವರ’ ಎಂದು ಬರೆದು ನೋಡಿ. ವ ಕೆಳಗೆ ಇಳಿಯಿತೇ, ಪಕ್ಕದಲ್ಲೇ ನಿಂತಿತೇ, ಬರೀ ಚೌಕಗಳು ಬಂದವೇ? ಆಟದ ಹೆಸರು, ಜೊತೆಗೆ ಅದರ ಕೊನೆಯ ಪಟ್ಟಿಯಲ್ಲಿ ಕಂಡ ಪೋರ್ಟ್ ಮಾಡಿದವರ ಹೆಸರು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.