ತೊಣ್ಣೂರು ಕೆರೆಗೆ ಬೇಲಿಯೇ?

ಪತ್ರ: ‘ಕಳೆದ ಭಾನುವಾರ ಮಕ್ಕಳನ್ನು ಕರೆದುಕೊಂಡು ಮಂಡ್ಯ ಜಿಲ್ಲೆಯ ತೊಣ್ಣೂರು ಕೆರೆಗೆ ಹೋಗಿದ್ದೆ. ಸಿನಿಮಾ ಹಾಡಿನಲ್ಲಿ ಬರುವ ಬಂಡೆಯಂತೆ ಅದು, ಅದರ ಮೇಲಿಂದ ಏಳೆಂಟು ಹುಡುಗರು ನೀರಿಗೆ ಹಾರುತ್ತಿದ್ದರು. ಒಬ್ಬ ರೀಲ್ಸ್ ಮಾಡುತ್ತಿದ್ದ. ನೋಡಿ ಎದೆ ಝಲ್ ಎಂದಿತು. ಕೆರೆಯ ಸುತ್ತ ಬೇಲಿ ಹಾಕಿ ಶೂಟಿಂಗು, ಈಜು ಎರಡನ್ನೂ ನಿಲ್ಲಿಸಬೇಕೆಂದು ನಿಮ್ಮ ಪತ್ರಿಕೆ ಒತ್ತಾಯಿಸಬಾರದೇಕೆ? ಮನವಿ ಲಗತ್ತಿಸಿದ್ದೇನೆ, ಸಹಿ ಮಾಡಿ.’
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಗಾಬರಿ ಸುಳ್ಳಲ್ಲ. ಕಾವೇರಿಯ ಬಲಮುರಿಯಲ್ಲೂ ತೊಣ್ಣೂರಿನಲ್ಲೂ ನೀರು ಜೀವ ತೆಗೆದಿದೆ. ಕುಡಿದು ಇಳಿಯುವವರ ಪರವಾಗಿ ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಇಷ್ಟು ಒಪ್ಪಿದೆ, ಇನ್ನು ನನ್ನ ಸರದಿ.

ಎರಡು ಕಲ್ಲುಗುಡ್ಡಗಳ ಸಂದಿಗೆ ಏರಿ ಕಟ್ಟಿ ನಿಲ್ಲಿಸಿದ ನೀರು ತೊಣ್ಣೂರಿನದು. ರಾಮಾನುಜಾಚಾರ್ಯರ ಕಾಲದ ಕೆರೆ ಎಂದು ಆ ಕಡೆಯವರು ಹೇಳುತ್ತಾರೆ. 1746ರಲ್ಲಿ ಅಲ್ಲಿಗೆ ಬಂದ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಅದನ್ನು ಮೋತಿ ತಲಾಬ್, ಮುತ್ತಿನ ಕೆರೆ, ಎಂದು ಕರೆದ. ಕ್ಯಾಮೆರಾದವರು ಮುಗಿಬೀಳುವುದೂ ಆ ತಿಳಿನೀರಿಗೇ, ನಮ್ಮ ಹುಡುಗರು ಮೋಸಹೋಗುವುದೂ ಅದಕ್ಕೇ. ತಳ ಕಾಣುತ್ತದಲ್ಲ, ಆಳವಿಲ್ಲ ಬಿಡು ಎಂದು ಹಾರುತ್ತಾರೆ. ಹನ್ನೆರಡು ಅಡಿ ನೀರು ಮೇಲಿಂದ ನೋಡಿದರೆ ಒಂಬತ್ತೇ ಅಡಿಯಂತೆ ಕಾಣುತ್ತದೆ. ಬೆಳಕಿನ ವಕ್ರೀಭವನ! ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಗಿಟ್ಟಿಸಿದ ಹುಡುಗನೇ ಬಂಡೆಯ ಮೇಲೆ ನಿಂತಾಗ ಅದನ್ನು ಮರೆತಿರುತ್ತಾನೆ.

ನಾನು ಮಂಡ್ಯ ಸೀಮೆಯ ಹಳ್ಳಿಯವನು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಕೆರೆಗೆ ತಳ್ಳಿದವನು ನಮ್ಮ ಸೋದರಮಾವ. ಬುದ್ಧಿ ಹೇಳಿದವನು ಕೆರೆಯ ತೂಬು ನೋಡಿಕೊಂಡು ಗದ್ದೆಗಳಿಗೆ ನೀರು ಬಿಡುತ್ತಿದ್ದ ಊರಿನ ನೀರುಗಂಟಿ. ‘ತೂಬು ಎತ್ತಿದ್ ದಿನ ಆ ಕಡೆ ಸುಳೀಬ್ಯಾಡ ಕಣ್ಲಾ, ಎಳ್ಕತದೆ. ಹೂಳಲ್ಲಿ ಕಾಲು ಸಿಕ್ಕುದ್ರೆ ಒದೀಬ್ಯಾಡ, ನೀರ್ ಮ್ಯಾಲೆ ಮಲೀಕ.’ ಬಿಸಿಲಿಗೆ ಮೇಲುನೀರು ಬೆಚ್ಚಗಿದ್ದರೂ ಅಡಿಯಲ್ಲಿ ಕೊರೆಯುತ್ತಿರುತ್ತದೆ, ಮೀನಖಂಡ ಹಿಡಿದುಕೊಳ್ಳುವುದು ಅಲ್ಲೇ ಎಂದು ಹೇಳಿದವನೂ ಅವನೇ. ಹೆಬ್ಬೆಟ್ಟಿನ ಮನುಷ್ಯ. ನಾನು ಈಜುವಾಗ ನನ್ನ ತಂಗಿ ಏರಿಯ ಮೇಲೆ ಕೂತು ಬಟ್ಟೆ ಕಾಯುತ್ತಿದ್ದಳು. ಆ ಕೆರೆಯಿಂದ ಎಷ್ಟು ಕೊಡ ನೀರು ಹೊತ್ತಳೋ, ಈಜು ಮಾತ್ರ ಇವತ್ತಿಗೂ ಬಾರದು. ನಮ್ಮ ದೇಶದವರೇ ಆದ ಆರತಿ ಸಹಾ 1959ರಲ್ಲೇ ಇಂಗ್ಲಿಷ್ ಕಾಲುವೆ ಈಜಿ ದಾಟಿದ್ದರು. ಆ ಸುದ್ದಿ ನಮ್ಮೂರ ಏರಿ ಹತ್ತಲೇ ಇಲ್ಲ.

ಸಿನಿಮಾದ ಮೇಲೆ ನಿಮಗಿರುವ ಸಿಟ್ಟು ನನಗೂ ಉಂಟು. ನಾಯಕ ಹಾರುವುದು ಬೆಳಿಗ್ಗೆ, ತಲೆ ಎತ್ತುವುದು ಊಟವಾದ ಮೇಲೆ. ಪಕ್ಕದಲ್ಲಿ ತೆಪ್ಪ ಹಿಡಿದು ನಿಂತವನು ಫ್ರೇಮಿನಲ್ಲಿ ಬರುವುದಿಲ್ಲ. ಹುಡುಗರಿಗೆ ಇದು ಗೊತ್ತಾಗುವುದಾದರೂ ಹೇಗೆ? 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣಕ್ಕೆಂದು ಹೆಲಿಕಾಪ್ಟರಿನಿಂದ ಹಾರಿದ ಮೂವರಲ್ಲಿ ದಡ ಸೇರಿದ್ದು ಒಬ್ಬರೇ. ಹೆಲಿಕಾಪ್ಟರ್ ತರಿಸಬಲ್ಲವರಿಗೆ ಇಬ್ಬರನ್ನು ಮೇಲೆತ್ತಲಾಗಲಿಲ್ಲ. ಶೂಟಿಂಗು ನಿಲ್ಲಿಸಿ ಎಂದರೆ ನನ್ನ ತಕರಾರಿಲ್ಲ. ಈಜನ್ನೂ ಅದರ ಜೊತೆ ಒಂದೇ ಗಂಟಿಗೆ ಕಟ್ಟಿದಿರಲ್ಲ, ಅಲ್ಲಿ ನಮಗೂ ನಿಮಗೂ ಜಗಳ.

ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್‌ ಕೊಳದಲ್ಲಿ ಚಳಿಗಾಲದ ಮುಂಜಾನೆ ಕಾವಲಿಲ್ಲದೆ ಈಜುತ್ತೇವೆ, ನಮ್ಮ ಜೀವಕ್ಕೆ ನಾವೇ ಹೊಣೆ ಎಂದು ಅಲ್ಲಿನ ಈಜುಗಾರರು ಕೋರ್ಟಿಗೆ ಹೋಗಿ 2005ರಲ್ಲಿ ಗೆದ್ದು ಬಂದರು. ಅವರು ಇದನ್ನು ವೈಲ್ಡ್ ಸ್ವಿಮ್ಮಿಂಗ್ ಎನ್ನುತ್ತಾರೆ. ನಾವು ಬರೀ ಈಜು ಎನ್ನುತ್ತಿದ್ದೆವು. ಈಗ ನಮ್ಮಲ್ಲಿ ಈಜು ಎಂದರೆ ನೀಲಿ ಟೈಲ್ಸು, ಕ್ಲೋರಿನ್ ವಾಸನೆ, ತಿಂಗಳ ಫೀಸು. ನೀರಲ್ಲಿ ಮುಳುಗಿ ಸಾಯುವುದನ್ನು ತಪ್ಪಿಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಾರಿಗಳಲ್ಲಿ ತಡೆಗೋಡೆಯೂ ಇದೆ, ನಿಮಗೊಂದು ಅಂಕ. ಶಾಲೆಯ ಮಕ್ಕಳಿಗೆ ಈಜು ಕಲಿಸಿ, ದಡದಲ್ಲಿರುವವರಿಗೆ ಎತ್ತುವುದನ್ನು ಕಲಿಸಿ ಎಂದೂ ಅದೇ ಪಟ್ಟಿಯಲ್ಲಿದೆ. ಕಾವೇರಿ, ವಿಶ್ವೇಶ್ವರಯ್ಯ ನಾಲೆ, ಊರಿಗೊಂದು ಕೆರೆ ಇರುವ ಜಿಲ್ಲೆಯಲ್ಲಿ ನಾವು ಮಕ್ಕಳಿಗೆ ಕಲಿಸುತ್ತಿರುವುದು ಅಬಾಕಸ್ಸು! ಒಬ್ಬ ಮುಳುಗಿದರೆ ಈಜು ಬಾರದ ಗೆಳೆಯ ಹಿಡಿಯಲು ಹಾರುತ್ತಾನೆ, ಅವನ ಹಿಂದೆ ಇನ್ನೊಬ್ಬ. ಮರುದಿನ ಪೇಪರಿನಲ್ಲಿ ಮೂರು ಫೋಟೋ. ಹಾರಬೇಡ, ಪಂಚೆ ಬಿಚ್ಚಿ ಎಸೆ ಎಂದು ಹೇಳುವ ನೀರುಗಂಟಿ ಎಲ್ಲಿದ್ದಾನೆ? ತೂಬಿಗೆ ತುಕ್ಕು ಹಿಡಿದಿದೆ, ಹೂಳು ಟೆಂಡರಿಗೆ ಕಾಯುತ್ತಿದೆ, ಏರಿಯ ಮೇಲೆ ಕಡಲೆಕಾಯಿ ಸಿಪ್ಪೆ, ಬಿಯರ್ ಬಾಟಲಿ. ನಾವು ನೀರಿಗೆ ಬೆನ್ನು ಮಾಡಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದೇವೆ.

ಅಂದಹಾಗೆ, ಮಕ್ಕಳ ಜೊತೆ ಹೋಗಿದ್ದೆ ಎಂದಿರಿ. ಅವರಿಗೆ ಈಜು ಬರುತ್ತದೆಯೇ ಎಂದು ಬರೆದಿಲ್ಲ.

ನಿಮ್ಮ ಮನವಿಯನ್ನು ಸಹಿಯಿಲ್ಲದೆ ಹಿಂದಿರುಗಿಸುತ್ತಿದ್ದೇನೆ. ಬೇಲಿ ಎಂಬ ಮಾತು ಹೊಡೆದುಹಾಕಿ, ದಡದಲ್ಲಿ ಉದ್ದನೆಯ ಹಗ್ಗ, ಗಾಳಿ ತುಂಬಿದ ನಾಲ್ಕು ಲಾರಿ ಟ್ಯೂಬು, ಭಾನುವಾರಕ್ಕೊಬ್ಬ ಸಂಬಳದ ಈಜುಗಾರ ಬೇಕೆಂದು ತಿದ್ದಿ ಕಳಿಸಿ. ಮೊದಲ ಸಹಿ ನನ್ನದು, ಅಂಚೆ ಖರ್ಚೂ ನನ್ನದೇ.