ಭಾಷಾವಿಜ್ಞಾನ ಓದಿದವರಿಗೆ ಯಾವ ಉದ್ಯೋಗಗಳಿವೆ?

ಭಾಷಾವಿಜ್ಞಾನವೆಂದರೆ ಹಲವು ಭಾಷೆಗಳನ್ನು ಕಲಿಯುವುದಲ್ಲ. ‘ಮನೆಗಳಲ್ಲಿಯೂ’ ಎಂಬ ಒಂದೇ ಪದದೊಳಗೆ ನಾಮಪದ, ಬಹುವಚನ, ವಿಭಕ್ತಿ ಮತ್ತು ‘ಊ’ಕಾರಗಳು ಯಾವ ಕ್ರಮದಲ್ಲಿ ಕೂಡುತ್ತವೆ, ಆ ಕ್ರಮವೇಕೆ ಬದಲಾಗದು ಎಂದು ಪರಿಶೀಲಿಸುವ ಶಾಸ್ತ್ರ. ಕನ್ನಡದ ಯಂತ್ರಾನುವಾದ, ಕಾಗುಣಿತ ತಿದ್ದುವ ತಂತ್ರಾಂಶ, ಮಾತನ್ನು ಬರಹಕ್ಕಿಳಿಸುವ ವ್ಯವಸ್ಥೆಗಳಿಗೆ ಪದಗಳನ್ನು ಹೀಗೆ ಬಿಡಿಸಿ ನೋಡಬಲ್ಲವರು ಬೇಕಾಗುವುದರಿಂದ, ಜೊತೆಗೆ ಪ್ರೋಗ್ರಾಮಿಂಗ್ ಕಲಿತವರಿಗೆ ಅಲ್ಲಿ ಅವಕಾಶವಿದೆ. ಅಧ್ಯಾಪಕರಾಗಬಯಸುವವರಿಗೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಇದು ಪ್ರತ್ಯೇಕ ವಿಷಯವಾಗಿದೆ. ನಿಘಂಟು ರಚನೆಯೂ ಇನ್ನೊಂದು ದಾರಿ. ವಾಕ್ ಚಿಕಿತ್ಸೆಗೆ ಮಾತ್ರ ಈ ಪದವಿ ಸಾಲದು, ಅದರ ವ್ಯಾಸಂಗವೇ ಬೇರೆ. ನನ್ನ ದೃಷ್ಟಿಯಲ್ಲಿ ಅತ್ಯಂತ ತುರ್ತಿನ ಕೆಲಸವೆಂದರೆ ಕರಾವಳಿಯ ಕೊರಗ ಸಮುದಾಯದ ನುಡಿಯಂತಹ ಸಣ್ಣ ಭಾಷೆಗಳ ದಾಖಲೀಕರಣ. ಮೈಸೂರಿನಲ್ಲಿ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವು ಇಂತಹ ಅಧ್ಯಯನಗಳನ್ನು ನಡೆಸುತ್ತದೆ.